ಹೆಂಡಿಯ ಹುಳುವೂ ನನ್ನ ಸೂಜಿಯೂ

ಮಾನ್ಯ ಸಂಪಾದಕರೇ,

ಪ್ರತಿ ಅಕ್ಟೋಬರ್‌ನ ವನ್ಯಜೀವಿ ಸಪ್ತಾಹದಲ್ಲಿ ಪತ್ರಿಕೆಗಳ ತುಂಬ ಚಿರತೆ, ತೋಳ, ನವಿಲು. 2011ರಲ್ಲಿ ವನ್ಯಜೀವಿ ಧಾಮವಾದ ನಮ್ಮ ಚಿಂಚೋಳಿ ಕಾಡಿನ ಬಗ್ಗೆ ಬರೆಯುವವರೂ ಅಲ್ಲಿಗೇ ನಿಲ್ಲುತ್ತಾರೆ. ಹೆಂಡಿ, ಅಂದರೆ ಸಗಣಿ, ಕೆದಕಿ ನೋಡುವವರು ಯಾರು? ಮೂವತ್ತು ವರ್ಷ ದನಗಳಿಗೆ ಸೂಜಿ ಚುಚ್ಚುತ್ತ ಕಳೆದ ನನಗೆ ಆ ಹೇಸಿಗೆ ಇಲ್ಲ.

ಕಳೆದ ಮೃಗಶಿರಾ ಮಳೆ ಬಿದ್ದ ಮರುದಿನ ಕುಂಚಾವರಂ ಕಡೆಯ ಕಾಡಂಚಿನಲ್ಲಿ, ಎಮ್ಮೆ ಆಗಷ್ಟೇ ಹಾಕಿದ ಹೆಂಡಿಯ ಪಕ್ಕ ಕುಳಿತೆ. ಬಾಯಲ್ಲಿದ್ದ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಅದರ ಸುತ್ತ ಕೆಂಪು ಮಣ್ಣಿನ ಪುಟ್ಟ ಗುಡ್ಡೆಗಳು ಎದ್ದಿದ್ದವು. ಕಡ್ಡಿಯಿಂದ ಎತ್ತಿದರೆ ಅಡಿಯಲ್ಲೆಲ್ಲ ಪೆನ್ಸಿಲ್ ತೂರುವಂತಹ ಬಿಲಗಳು. ಒಳಗೆ ತೊಗರಿ ಕಾಳಿಗಿಂತ ತುಸು ದೊಡ್ಡ ಕರಿ ಹುಳು, ಗಂಡಿನ ನೆತ್ತಿಯ ಮೇಲೆ ಎರಡು ಕೊಂಬು. ಇಂತಹವನ್ನು ಆಂಥೊಫೇಗಸ್ ಕುಲಕ್ಕೆ ಸೇರಿಸುತ್ತಾರೆ. ಜಗತ್ತಿನಲ್ಲಿ ಈ ಕುಲದ ಜಾತಿಗಳೇ 2,000ಕ್ಕೂ ಹೆಚ್ಚು. ಜನರಿಗೆ ಗೊತ್ತಿರುವುದು ತಲೆ ಕೆಳಗೆ ಮಾಡಿ ಹಿಂಗಾಲಿನಿಂದ ಉಂಡೆ ನೂಕುವ ಸಗಣಿ ಹುಳು. ನಾನು ಕಂಡ ಹುಳು ಉಂಡೆ ಉರುಳಿಸುವುದಿಲ್ಲ. ಬಿದ್ದಲ್ಲೇ ನೆಲ ತೋಡಿ, ಹೆಂಡಿಯನ್ನು ಒಳಗೆ ಗಿಡಿದು, ಅದರಲ್ಲಿ ಮೊಟ್ಟೆ ಇಡುತ್ತದೆ. ರೈತನಿಂದ ಕೂಲಿ ಕೇಳದೆ ಗೊಬ್ಬರವನ್ನು ಬೇರಿಗೆ ಮುಟ್ಟಿಸುತ್ತದೆ.

ನಮ್ಮೂರ ಗೋಮಾಳದಲ್ಲಿ ಅದೇ ವಾರ ನೋಡಿದೆ. ಹೆಂಡಿ ಬಿಸಿಲಿಗೆ ಕುಳ್ಳಿನಂತೆ ಒಣಗಿ ಬಿದ್ದಿತ್ತು, ಎತ್ತಿದರೆ ಕೆಳಗೆ ಒಂದು ಬಿಲವಿಲ್ಲ. ಎರೆ ಮಣ್ಣು ಗಟ್ಟಿ ಎನ್ನಬಹುದು. ಆದರೆ ನಾನು ಹುಡುಗನಾಗಿದ್ದಾಗಲೂ ಅದು ಎರೆ ಮಣ್ಣೇ. ಆಗ ಹುಳು ಇದ್ದವು. ನಡುವೆ ಬಂದದ್ದು ಸೂಜಿ.

ಜಂತು, ಉಣ್ಣೆಗೆಂದು ದನಗಳಿಗೆ ಚುಚ್ಚುವ ಐವರ್‌ಮೆಕ್ಟಿನ್ ಔಷಧ ಬಹುಪಾಲು ಹೆಂಡಿಯಲ್ಲೇ, ವಾರಗಟ್ಟಲೆ, ಹೊರಬರುತ್ತದೆ. ಬೆಳೆದ ಹುಳು ಬಂದು ಆ ಹೆಂಡಿ ತಿಂದು ಮೊಟ್ಟೆ ಇಡುತ್ತದೆ, ಮರಿ ಬದುಕುವುದಿಲ್ಲ. ಹಾಗಾಗಿ ನಷ್ಟ ಆ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದ ಹೊಸ್ತಿಲಲ್ಲಿ, ಈ ಹುಳು ಮೇಲೇಳುವ ಹೊತ್ತಿಗೇ, ಊರೂರು ತಿರುಗಿ ಚುಚ್ಚಿದವನು ನಾನೇ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಟ್ರೇಲಿಯಾದಲ್ಲಿ ದನದ ಸಗಣಿ ಕರಗದೆ ನೊಣ ಹೆಚ್ಚಿ, 1968ರಿಂದ ಬೇರೆ ದೇಶಗಳ ಸಗಣಿ ಹುಳು ತಂದು ಬಿಡಬೇಕಾಯಿತು. ನಮ್ಮಲ್ಲಿ ಪುಕ್ಕಟೆ ಇದ್ದವನ್ನು ನಾವು ಸೂಜಿಯಿಂದ ಓಡಿಸಿದೆವು.

ಸೂಜಿಯೇ ಬೇಡವೆನ್ನುತ್ತಿಲ್ಲ, ಉಣ್ಣೆ ಹತ್ತಿದ ದನದ ಪಾಡು ನನಗೆ ಗೊತ್ತು. ಬರೀ ಜಂತುವಾದರೆ ಹೆಂಡಿ ಪರೀಕ್ಷೆ ಮಾಡಿಸಿ ಫೆನ್‌ಬೆಂಡಜೋಲ್ ಎಂಬ ಜಂತಿನ ಔಷಧ ಕೊಡಲಿ, ಅದು ಈ ಹುಳುಗಳಿಗೆ ಅಷ್ಟು ಬಾಧಕವಲ್ಲ. ಐವರ್‌ಮೆಕ್ಟಿನ್ ಬೇಕೇ ಬೇಕೆಂದರೆ ಚಳಿಗಾಲದಲ್ಲಿ ಚುಚ್ಚಿ, ಕೆಲವು ವಾರ ಆ ದನವನ್ನು ಕಾಡಂಚಿಗೆ ಬಿಡದಿರಲಿ. ಮುಂದಿನ ಮಳೆಗೆ ಮೊದಲು ಸಂಬಂಧಪಟ್ಟವರು ಹಳ್ಳಿಗಳಲ್ಲಿ ಇಷ್ಟನ್ನಾದರೂ ಡಂಗುರ ಹೊಡೆಸಲಿ.

ನಮ್ಮ ಎರಡು ಎತ್ತುಗಳಿಗೆ ಈ ಸಲ ಎಳ್ಳಮಾವಾಸ್ಯೆ ಮುಗಿದ ಮೇಲೆ ಚುಚ್ಚಿದೆ. ನಾಲ್ಕು ವಾರ ಎತ್ತುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿದ್ದಕ್ಕೆ ಸೊಸೆ ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ.

– ನಿವೃತ್ತ ಪಶು ಪರೀಕ್ಷಕ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ