ಲಾಕ್‌ನಲ್ಲಿ ಇಳಿಯುವಾಗ ದೋಣಿಯ ಹಿಂಬದಿ ಮೇಲೆ ಕಣ್ಣಿರಲಿ

ಮಾನ್ಯರೇ,

ಸ್ವಂತ ದೋಣಿಯಲ್ಲಿ ನದಿ, ಕಾಲುವೆ ಸುತ್ತುವ ಬಗೆಗಿನ ಬರಹಗಳಲ್ಲಿ ದಡದ ಸೊಬಗಿನ ವರ್ಣನೆಗೇನೂ ಕೊರತೆಯಿಲ್ಲ. ಲಾಕ್ ದಾಟುವ ಕ್ರಮ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಲಾಕ್ ಎಂದರೆ ಎರಡೂ ತುದಿಯಲ್ಲಿ ಗೇಟಿರುವ, ತೂಬುಗಳ ಮೂಲಕ ನೀರು ತುಂಬಿಸಿಯೋ ಹೊರಬಿಟ್ಟೋ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ ಅಥವಾ ಇಳಿಸುವ ತೊಟ್ಟಿ. ನಡಿಗೆಯ ವೇಗದಲ್ಲಿ ಸಾಗುವ ದೋಣಿಯೂ ನಿಮಿಷಗಳಲ್ಲಿ ಮುಳುಗಬಹುದಾದ ಜಾಗ ಅದು.

ಮೇಲಿನ ಗೇಟಿನ ಬುಡದಲ್ಲಿ ಕಲ್ಲಿನದೋ ಕಾಂಕ್ರೀಟಿನದೋ ಹೊಸ್ತಿಲೊಂದು ಲಾಕ್‌ನ ಒಳಕ್ಕೆ ಚಾಚಿಕೊಂಡಿರುತ್ತದೆ. ಲಾಕ್ ತುಂಬಿದ್ದಾಗ ಅದು ಕಾಣುವುದಿಲ್ಲ. ಕೆಳಮಟ್ಟಕ್ಕೆ ಇಳಿಯುವಾಗ ದೋಣಿಯ ಹಿಂಬದಿಯೋ ಚುಕ್ಕಾಣಿಯೋ ಅದರ ಮೇಲೆ ಕೂತರೆ, ಮೂತಿ ಮಾತ್ರ ನೀರಿನೊಂದಿಗೆ ಇಳಿಯುತ್ತಾ ಹೋಗಿ ಮುಂಭಾಗದಿಂದ ನೀರು ನುಗ್ಗುತ್ತದೆ. ಬ್ರಿಟನ್ನಿನ ಕಾಲುವೆಗಳಲ್ಲಿ ಹೊಸ್ತಿಲ ಅಂಚಿನ ನೇರಕ್ಕೆ ದಡದ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಒಳಗೆ ಬಂದಾಗ ಗೆರೆ ದಾಟಿದ್ದೇವೆ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ತೂಬು ತೆರೆದೊಡನೆ ದೋಣಿ ಹಿಂದೆ ಮುಂದೆ ಸರಿಯುತ್ತದೆ, ಆದ್ದರಿಂದ ಕೊನೆಯವರೆಗೂ ಅದನ್ನು ಮುಂದಕ್ಕೇ ಹಿಡಿದಿಡಬೇಕು.

ಹಗ್ಗವನ್ನು ಗಂಟು ಹಾಕಲೇಬಾರದು. ನೀರು ಇಳಿದರೆ ಗಂಟು ಬಿಗಿದು ದೋಣಿ ಗೂಟಕ್ಕೆ ನೇತುಬೀಳುತ್ತದೆ, ಆ ಭಾರದಲ್ಲಿ ಗಂಟು ಬಿಚ್ಚಲಾಗದು. ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ಸಡಿಲಿಸುತ್ತಾ ಹೋಗಿ, ಕೈಗೆ ಸುತ್ತಿಕೊಳ್ಳಬೇಡಿ. ಹಗ್ಗದ ಉದ್ದ ಲಾಕ್‌ನ ಆಳದ ಎರಡು ಪಟ್ಟಿಗಿಂತ ಹೆಚ್ಚಿರಲಿ. ಹರಿತವಾದ ಚಾಕು ಕೈಗೆಟುಕುವಂತಿರಲಿ.

ತೂಬಿನ ಹಿಡಿಕೆ ತಿರುಗಿಸುವವರು ದೋಣಿ ಹೊರಬೀಳುವತನಕ ಅಲ್ಲಿಂದ ಕದಲಬಾರದು. ದೋಣಿ ಸಿಕ್ಕಿಕೊಂಡರೆ ಮೊದಲು ಕೆಳಗಿನ ತೂಬುಗಳನ್ನೆಲ್ಲ ಮುಚ್ಚಬೇಕು. ಆಮೇಲೆ ಮೇಲಿನದನ್ನು ನಿಧಾನವಾಗಿ ತೆರೆದು ದೋಣಿಯನ್ನು ತೇಲಿಸಬೇಕು. ಗಾಬರಿಯಲ್ಲಿ ಮೇಲಿನದನ್ನೇ ಮೊದಲು ತೆರೆದರೆ ಬಂದ ನೀರು ಕೆಳಗಿನ ತೂಬಿನಿಂದ ಹರಿದುಹೋಗುತ್ತದೆ, ಮಟ್ಟ ಬೇಗ ಏರದು.

ಮೇಲೇರುವಾಗ ಅಪಾಯ ಮೂತಿಗೆ. ಗೇಟಿನ ಅಡ್ಡಪಟ್ಟಿಯ ಕೆಳಗೆ ಅದು ಸಿಕ್ಕಿಕೊಂಡರೆ ಏರುವ ನೀರು ದೋಣಿಯೊಳಕ್ಕೇ ಬರುತ್ತದೆ. ಆಗ ಮೇಲಿನ ತೂಬು ಮುಚ್ಚಿ ಕೆಳಗಿನದನ್ನು ತೆರೆಯಬೇಕು.

ಗೇಟು ತೆರೆಯಲು ಅವಸರ ಬೇಡ. ಎರಡೂ ಕಡೆಯ ನೀರಿನ ಮಟ್ಟದಲ್ಲಿ ಬರೀ 10 ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಮುಳುಗಿರುವ ಪ್ರತಿ ಚದರ ಮೀಟರಿಗೆ ಸುಮಾರು 100 ಕಿಲೋ ಒತ್ತಡ ಬೀಳುತ್ತದೆ. ಎರಡೂವರೆ ಮೀಟರ್ ಅಗಲದ, ಮೂರು ಮೀಟರ್ ಮುಳುಗಿರುವ ಗೇಟಿಗೆ ಅದು 750 ಕಿಲೋ ಆಗುತ್ತದೆ. ಯಾರು ನೂಕಿದರೂ ಅಲುಗದು. ಮಟ್ಟ ಸಮವಾದ ಮೇಲೆ ಗೇಟಿನ ತೊಲೆಗೆ ಬೆನ್ನು ಕೊಟ್ಟು ಒಬ್ಬರೇ ತೆರೆಯಬಹುದು.

ದೋಣಿ ಪ್ರವಾಸದ ಮುಂದಿನ ಲೇಖನದ ಪಕ್ಕದಲ್ಲಿ ಇಷ್ಟನ್ನಾದರೂ ಚೌಕಟ್ಟು ಹಾಕಿ ಅಚ್ಚು ಮಾಡಬೇಕೆಂದು ಕೋರುತ್ತೇವೆ.