ಚಂದ್ರುಗೊಂದು ಪತ್ರ: ಸೀಹಾಕ್ಸ್ ವಿಷಯವಾಗಿ

ಲೋ ಚಂದ್ರು,

ಎಲ್ಲರೆದುರು ಯಾಕೆ ಬರೆದೆ ಅಂತ ಬೈಬೇಡ. ಖಾಸಗಿಯಾಗಿ ಕಳಿಸಿದರೆ ನೀಲಿ ಟಿಕ್ ಬೀಳಿಸಿ ಸುಮ್ಮನಾಗ್ತೀಯ. ಇಲ್ಲಿ ನಾಲ್ಕು ಜನ ನೋಡ್ತಿರ್ತಾರೆ, ಉತ್ತರ ಕೊಡಲೇಬೇಕು. ಆ ನಾಲ್ಕು ಜನಕ್ಕೆ ಒಂದು ಮಾತು: ಇದು ಅಮೆರಿಕನ್ ಫುಟ್‌ಬಾಲ್, ಚೂಪು ತುದಿಯ ಚೆಂಡಿನದ್ದು. ಕಾಲಲ್ಲಿ ಒದೆಯೋ ಸಾಕರ್‌ನ ಲೆಕ್ಕ ಇಲ್ಲಿ ನಡೆಯಲ್ಲ.

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಅಯೋವಾ ಪ್ರೀ-ಫ್ಲೈಟ್ ತಂಡ, ಅದೇ ಸೀಹಾಕ್ಸ್, ಹೇಗೆ ಅಷ್ಟು ಗೆದ್ದಿತು ಅಂತ ನೀನು ಕೇಳಿದ್ದೆ. ಅದು ಕಾಲೇಜು ತಂಡವೇ ಅಲ್ಲ ಮಾರಾಯ. ಪೈಲಟ್ ಆಗಬೇಕಾದ ಹುಡುಗರನ್ನು ವಿಮಾನ ಹತ್ತಿಸುವ ಮೊದಲು ಸುಮಾರು ಮೂರು ತಿಂಗಳು ಮೈ ಹುರಿಗೊಳಿಸಲು ನೌಕಾಪಡೆ 1942ರಲ್ಲಿ ಅಯೋವಾ ಸಿಟಿಯ ವಿಶ್ವವಿದ್ಯಾಲಯದಲ್ಲಿ ತೆರೆದ ಶಾಲೆಯ ತಂಡ. ಈಜು, ಬಾಕ್ಸಿಂಗ್, ಫುಟ್‌ಬಾಲ್ ಎಲ್ಲ ತರಬೇತಿಯ ಭಾಗವೇ. ಕಲಿಸಲು ಬಂದ ಅಧಿಕಾರಿಗಳಲ್ಲಿ ಪಳಗಿದ ಆಟಗಾರರಿದ್ದರು, ಅವರೂ ತಂಡದಲ್ಲಿ ಆಡಬಹುದಿತ್ತು. ಕೆಡೆಟ್ ತರಬೇತಿ ಮುಗಿದರೆ ಸೀಸನ್ ನಡುವೆಯೇ ಗಂಟುಮೂಟೆ ಕಟ್ಟಬೇಕು, ಅಧಿಕಾರಿ ಉಳೀತಾನೆ. ಹಾಗಾಗಿ ತಂಡದ ಬೆನ್ನೆಲುಬು ಅಧಿಕಾರಿಗಳದ್ದು.

ಕೋಚ್ ಡಾನ್ ಫೌರಾಟ್. ಮಿಸೌರಿ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ತಾನೇ ಕಟ್ಟಿದ ಸ್ಪ್ಲಿಟ್-ಟಿ ಆಟವನ್ನು ಇಲ್ಲಿಗೆ ತಂದ. ಮುಂದಿನ ಸಾಲಿನವರು ಭುಜಕ್ಕೆ ಭುಜ ತಾಗಿಸಿ ನಿಲ್ಲದೆ ಒಂದರಿಂದ ಮೂರು ಅಡಿ ಜಾಗ ಬಿಟ್ಟು ನಿಲ್ತಾರೆ. ಎದುರಾಳಿಯೂ ಹರಡಿಕೊಳ್ಳಲೇಬೇಕು, ಸಂದು ತಾನಾಗೇ ಬೀಳುತ್ತೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಹಿಂದಕ್ಕೆ ಹೋಗೋದಿಲ್ಲ, ಸಾಲಿನ ಪಕ್ಕದಲ್ಲೇ ಅಡ್ಡ ಓಡ್ತಾನೆ. ಮೊದಲು ನೇರ ನುಗ್ಗುವ ಹಾಫ್‌ಬ್ಯಾಕ್‌ಗೆ, ಅಂದರೆ ಹಿಂದೆ ನಿಂತು ಚೆಂಡು ಹಿಡಿದು ಓಡುವವನಿಗೆ, ಕೊಡಬಹುದು. ಆ ಸಂದು ಮುಚ್ಚಿದ್ದರೆ ಚೆಂಡು ತನ್ನಲ್ಲೇ ಇಟ್ಟುಕೊಂಡು ಅಂಚಿನ ಡಿಫೆಂಡರ್ ಕಡೆ ಓಡ್ತಾನೆ. ಆ ಡಿಫೆಂಡರ್ ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ಹೊರಗಿನ ಇನ್ನೊಬ್ಬ ಹಾಫ್‌ಬ್ಯಾಕ್‌ಗೆ ಎಸೆಯೋದು, ಆ ಹಾಫ್‌ಬ್ಯಾಕ್‌ನನ್ನು ಕಾಯ್ತಾ ನಿಂತರೆ ತಾನೇ ಒಳಗೆ ನುಗ್ಗೋದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನ ಎದುರು ಇಬ್ಬರು ಬಂದಾಗ ಮಾಡೋ ಲೆಕ್ಕವೇ. ಫೌರಾಟ್‌ಗೆ ಹೊಳೆದದ್ದೂ ಅಲ್ಲಿಂದ. ಎಸೆತ ಒಂದು ಹೆಜ್ಜೆ ತಡವಾದರೆ ಚೆಂಡು ನೆಲದ ಮೇಲೆ, ಕಥೆ ಮುಗೀತು. ಆದರೆ ಕಲಿಯಬೇಕಾದ ತಂತ್ರಗಳು ಕಡಿಮೆ. ವಾರವಾರ ಹುಡುಗರು ಖಾಲಿಯಾಗುವ ತಂಡಕ್ಕೆ ಇದಕ್ಕಿಂತ ಒಳ್ಳೇದು ಬೇರೆ ಇರಲಿಲ್ಲ ಅಂತ ನನ್ನ ವಾದ. ಅಲ್ಲಿ ಸಹಾಯಕರಾಗಿದ್ದ ಜಿಮ್ ಟೇಟಮ್, ಬಡ್ ವಿಲ್ಕಿನ್ಸನ್ ಇದನ್ನೇ ಮುಂದೆ ಓಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಹೊತ್ತೊಯ್ದರು. ವಿಲ್ಕಿನ್ಸನ್ ತಂಡ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದಿತು.

ಮತ್ತೆ 1943ರ ಸೀಹಾಕ್ಸ್‌ಗೆ ಬರೋಣ: ಹತ್ತು ಪಂದ್ಯದಲ್ಲಿ ಒಂಬತ್ತು ಗೆಲುವು. ತಮಗೆ ಜಾಗ ಕೊಟ್ಟ ಅಯೋವಾ ವಿಶ್ವವಿದ್ಯಾಲಯವನ್ನೇ 25-0, ಬಾಡಿಗೆಗೆ ಬಂದವನು ಓನರ್‌ಗೇ ಬಾಗಿಲು ತೋರಿಸಿದ ಹಾಗೆ. ಫೌರಾಟ್ ತನ್ನದೇ ಮಿಸೌರಿಯನ್ನೂ ಬಿಡಲಿಲ್ಲ, 21-6. ಒಹಾಯೊ ಸ್ಟೇಟ್ ಮೇಲಿನ 28-13 ಅನ್ನು ಮಾತ್ರ ನಾನು ಎತ್ತಾಡಲ್ಲ. ಕಾಲೇಜಿನಲ್ಲಿ ತರಬೇತಿ ಪಡೆಯುವವರು ಆ ಕಾಲೇಜಿನ ತಂಡಕ್ಕೆ ಆಡಬಹುದು ಅಂತ ನೌಕಾಪಡೆ ಬಿಟ್ಟಿತ್ತು, ಭೂಸೇನೆ ಬಿಟ್ಟಿರಲಿಲ್ಲ. ಒಹಾಯೊದಲ್ಲಿದ್ದದ್ದು ಭೂಸೇನೆಯ ತರಬೇತಿ. ಹಾಗಾಗಿ ಅವರ ತಂಡದ ತುಂಬ ಇನ್ನೂ ಕರೆ ಬಾರದ ಹದಿನೇಳರ ಹುಡುಗರು.

ಸೋಲು ನವೆಂಬರ್ 20ರಂದು, ನೋಟರ್ ಡೇಮ್ ವಿಶ್ವವಿದ್ಯಾಲಯದ ಎದುರು, 13-14. ಎರಡೂ ಕಡೆ ಎರಡೆರಡು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು. ಒಂದಕ್ಕೆ ಆರು ಅಂಕ, ನಂತರದ ಕಿಕ್‌ಗೆ ಒಂದು. ಆ ಕಿಕ್ ಸೀಹಾಕ್ಸ್‌ಗೆ ಒಂದು ಸಲ ತಪ್ಪಿತು, ಅಷ್ಟೇ. ನೋಟರ್ ಡೇಮ್‌ನ ದೊಡ್ಡ ಆಟಗಾರ ಬರ್ಟೆಲ್ಲಿಯನ್ನು ಆರು ಪಂದ್ಯ ಆದಮೇಲೆ ಮೆರೀನ್ಸ್ ಕರೆಸಿಕೊಂಡಿತ್ತು, ಅವನಿಲ್ಲದೆಯೇ ಗೆದ್ದರು! ಮುಂದಿನ ವಾರ ಅವರೇ ಇನ್ನೊಂದು ನೌಕಾನೆಲೆ ಗ್ರೇಟ್ ಲೇಕ್ಸ್‌ಗೆ 14-19 ಸೋತರು. ಆದರೂ ಸುದ್ದಿಸಂಸ್ಥೆ ಎಪಿ ಮಾಡೋ ತಂಡಗಳ ಶ್ರೇಯಾಂಕ ಪಟ್ಟಿಯಲ್ಲಿ ಮೊದಲನೆಯವರು ಅವರೇ, ಸೀಹಾಕ್ಸ್ ಎರಡನೇದು.

ನಿಜ ಹೇಳ್ಲಾ? ನನಗೆ ಹೊಟ್ಟೆ ಉರಿಯೋದು ಆ ಕಿಕ್‌ಗೇ. ಸೀಸನ್ ಮುಗಿದರೆ ಆ ಕೆಡೆಟ್‌ಗಳಿಗೆ ಸಿಗೋದು ರಜೆ ಅಲ್ಲ, ವಿಮಾನ ಕಲಿಯೋ ನೆಲೆಗೆ ಹೊರಡೋ ಆದೇಶ. ಅದು ಗೊತ್ತಿದ್ದೂ ನಾನು ಕಿಕ್ ಲೆಕ್ಕ ಹಾಕ್ತೀನಿ. ಆ ತಂಡ ಇದ್ದದ್ದೇ ಅವರನ್ನು ಕಳಿಸೋದಕ್ಕೆ ಕಣೋ. ಈಗಿನ ಯುದ್ಧದ ಸುದ್ದಿಯನ್ನೂ ಹಾಗೇ ಓದ್ತೀನಿ: ಎಷ್ಟು ಡ್ರೋನ್ ಬಂತು, ಎಷ್ಟು ಉರುಳಿಸಿದರು, ಯಾರು ಮುಂದೆ. ನಿನ್ನ ತಮ್ಮ ಗಡಿಯಲ್ಲಿದ್ದಾಗಲೂ ಹಾಗೇ ಓದ್ತಿದ್ದೆ.

ಹೋಗ್ಲಿ ಬಿಡು, ಬೆಳಗ್ಗೆ ಬೆಳಗ್ಗೇನೇ ಜಾಸ್ತಿ ಆಯ್ತು. ನಾಲ್ಕು ಜನ ಲೈಕ್ ಒತ್ತಿಬಿಟ್ಟರೆ ನಾನು ದಾರ್ಶನಿಕ ಅಂದ್ಕೊಂಡುಬಿಡ್ತೀನಿ, ಆಮೇಲೆ ಸಹಿಸಬೇಕಾದವನು ನೀನು. 1944ರಲ್ಲಿ ಹೊಸ ಕೋಚ್ ಬಂದು, ಮೊದಲ ಪಂದ್ಯವನ್ನು ಮಿಶಿಗನ್‌ಗೆ 7-12 ಸೋತು, ಉಳಿದ ಹತ್ತನ್ನೂ ಗೆದ್ದ ಕಥೆ ಇನ್ನೊಮ್ಮೆ. ಭಾನುವಾರ ಬಾ, ಟೆರೇಸ್ ಮೇಲೆ ಸ್ಪ್ಲಿಟ್-ಟಿ ಮಾಡಿ ತೋರಿಸ್ತೀನಿ. ಅಂಚಿನ ಡಿಫೆಂಡರ್ ಮೂರ್ತಿ. ಅವನು ಯಾರ ಕಡೆ ಬರ್ತಾನೆ ಅಂತ ಅವನಿಗೇ ಗೊತ್ತಿರಲ್ಲ, ಅದೇ ನಮ್ಮ ತೊಂದರೆ.

ನಿನ್ನ,
ಗೋಪಿ