ರೋಡ್ ಸ್ಟೇಷನ್‌ನಿಂದ ಊರಿಗೆ ಬಸ್ಸು ಯಾವಾಗ?

ಮಾನ್ಯ ಸಂಪಾದಕರೇ,

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರೈಲು ನಿಲ್ದಾಣಗಳ ಹಳದಿ ಬೋರ್ಡುಗಳನ್ನು ಒಮ್ಮೆ ಓದಿ ನೋಡಿ. ಗೋಕಾಕ್ ರೋಡ್. ಚಿಕ್ಕೋಡಿ ರೋಡ್. ಗುಳೇದಗುಡ್ಡ ರೋಡ್. ಬಸವನ ಬಾಗೇವಾಡಿ ರೋಡ್. ಇಂಡಿ ರೋಡ್. ಹೆಸರಿನ ಕೊನೆಗೆ ‘ರೋಡ್’ ಅಂತ ಇದ್ದರೆ, ಆ ಊರು ಇಲ್ಲಿಲ್ಲ, ಇಲ್ಲಿಂದ ಅಲ್ಲಿಗೆ ಒಂದು ರಸ್ತೆ ಇದೆ, ಅಷ್ಟೇ ಅಂತ ಅರ್ಥ. ರೈಲ್ವೆಯವರು ಪ್ರಾಮಾಣಿಕರು, ಬೋರ್ಡ್ ಮೇಲೇ ಹೇಳಿಬಿಟ್ಟಿದ್ದಾರೆ. ಬಾದಾಮಿಯಲ್ಲಿ ಅದನ್ನೂ ಹೇಳಿಲ್ಲ. ಬೋರ್ಡ್ ಮೇಲೆ ಬರೀ ಬಾದಾಮಿ, ಊರು ಮಾತ್ರ ಐದು ಕಿ.ಮೀ. ಆಚೆ.

ನಾನು ಖಣದ ವ್ಯಾಪಾರಿ. ಕುಪ್ಪಸದ ಖಣದ ಗಂಟು ಕಟ್ಟಿಕೊಂಡು ವಿಜಯಪುರ, ಸೊಲ್ಲಾಪುರ, ಪಂಢರಪುರ ಅಂತ ತಿರುಗುವುದು ನನ್ನ ಕೆಲಸ. ಗದಗ–ಹೋಟಗಿ ದಾರಿಯಲ್ಲಿ ಮೀಟರ್ ಗೇಜ್ ಇದ್ದಾಗಿನಿಂದ ಓಡಾಡಿದ್ದೇನೆ. ಗಂಟು ಇದ್ದವರಿಗೆ ಬಸ್ಸಿಗಿಂತ ರೈಲು ಗಾಡಿಯೇ ವಾಸಿ. ಸೀಟಿನ ಕೆಳಗೆ ತಳ್ಳಿ ಕೂತರೆ ಆಯಿತು. ಗಾಡಿಯಲ್ಲಿ ನನಗೆ ತೊಂದರೆ ಆದದ್ದು ಕಡಿಮೆ. ತೊಂದರೆ ಶುರುವಾಗುವುದು ಗಾಡಿ ಇಳಿದ ಮೇಲೆ.

ಕಳೆದ ಚಳಿಗಾಲದ ಒಂದು ಸಂಜೆಯ ಮಾತು. ಸ್ಟೇಷನ್ ಹೆಸರು ಬೇಡ, ಊರಾಚೆ ಇರುವ ಸ್ಟೇಷನ್‌ಗಳ ಕಥೆ ಹೆಚ್ಚು ಕಡಿಮೆ ಒಂದೇ. ಮಾಲು ಮಾರಿ, ಉಳಿದ ಗಂಟು ತೆಗೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದೆ. ನಡುವೆ ಒಂದು ಕಡೆ ಗೂಡ್ಸ್‌ಗೆ ದಾರಿ ಬಿಡಲು ನಿಲ್ಲಿಸಿದರು. ಇಪ್ಪತ್ತೈದು ನಿಮಿಷ. ಶೇಂಗಾ ತಿನ್ನುತ್ತಾ ಕೂತರೆ ಅದು ಗೊತ್ತೂ ಆಗುವುದಿಲ್ಲ. ನಮ್ಮ ಸ್ಟೇಷನ್ ಬರುವಾಗ ಬಾಗಿಲಲ್ಲಿ ನಿಂತಿದ್ದ ಹುಡುಗ ‘ಬಸ್ ಹೋತ್ರೀ’ ಅಂತ ಕೂಗಿದ. ಬಗ್ಗಿ ನೋಡಿದರೆ ಹೌದು. ನಮ್ಮ ಕಡೆಯ ವಸ್ತಿ ಬಸ್ಸಿನ ಕೆಂಪು ದೀಪ ರೈಲ್ವೆ ಗೇಟ್ ದಾಟಿ ಹೋಗುತ್ತಿತ್ತು. ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸು ಅದು. ಅದರ ಮೇಲೆ ಬೇರೆ ಬಸ್ಸಿಲ್ಲ.

ಇಳಿದವರು ಹತ್ತೊಂಬತ್ತು ಜನ. ಬೇರೆ ಕೆಲಸ ಇರಲಿಲ್ಲ, ಎಣಿಸಿದೆ. ಕಾಲೇಜಿನ ಇಬ್ಬರು ಹುಡುಗಿಯರು, ಆಸ್ಪತ್ರೆಯ ಫೈಲು ಹಿಡಿದ ಒಬ್ಬ ಅಜ್ಜ, ಹಸುಗೂಸಿನ ತಾಯಿ ಒಬ್ಬಳು. ಹೊರಗೆ ಇದ್ದದ್ದು ಒಂದೇ ಟಂಟಂ ಆಟೊ. ಅವನು ‘ತುಂಬಿದ್ರ ಬಿಡತೀನ್ರಿ, ಇಲ್ಲಂದ್ರ ಸ್ಪೆಷಲ್’ ಅಂದ. ತುಂಬುವುದೇನು, ಹೊರಗೆ ಜೋತು ಬಿದ್ದೂ ಜನ ಉಳಿದರು. ಆ ಹುಡುಗಿಯರು ಅಪ್ಪನಿಗೆ ಫೋನ್ ಮಾಡಿ ಬೈಕ್ ತರಿಸಿಕೊಂಡರು. ನಾನು ಎರಡನೇ ಟ್ರಿಪ್ಪಿಗೆ ಕಾದೆ. ಅವತ್ತು ಟಂಟಂಗೆ ಕೊಟ್ಟದ್ದು ನೂರು ಕಿ.ಮೀ. ದೂರದಿಂದ ಬಂದ ರೈಲಿನ ಟಿಕೆಟ್‌ಗಿಂತ ಜಾಸ್ತಿ. ಟಂಟಂನವನನ್ನು ಬೈಯುವುದಿಲ್ಲ. ಅವನೂ ಇಲ್ಲದಿದ್ದರೆ ಅಲ್ಲೇ ಮಲಗಬೇಕಿತ್ತು.

ಇದನ್ನು ಬರೆಯಲು ಕಾರಣ ಇದೆ. ನಮ್ಮ ಕಡೆ ರೈಲಿನ ಮಾತು ಬಂದರೆ ಎಲ್ಲರೂ ಹೊಸ ದಾರಿಯ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು. ಬಾಗಲಕೋಟೆ–ಕುಡಚಿ ದಾರಿಗೆ ಒಪ್ಪಿಗೆ ಸಿಕ್ಕಿದ್ದು 2010–11ರ ರೈಲ್ವೆ ಬಜೆಟ್‌ನಲ್ಲಿ. ಉದ್ದ 142 ಕಿ.ಮೀ. ಅರ್ಧ ಖರ್ಚು ಕೇಂದ್ರದ್ದು, ಅರ್ಧ ರಾಜ್ಯದ್ದು, ಜಮೀನು ರಾಜ್ಯ ಕೊಡಬೇಕು. ಮೊದಲ ಮೂವತ್ತು ಕಿ.ಮೀ. ಖಜ್ಜಿಡೋಣಿವರೆಗೆ ಹಳಿ ಬಿದ್ದು ವರ್ಷಗಳಾದವು. ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ ದಾಟಿ ಕುಡಚಿ ಮುಟ್ಟುವುದನ್ನು ನೋಡಲು ಎಷ್ಟೋ ಜನ ಹಿರಿಯರು ಕಾದು ಕಾದು ಹೋದರು. ಈಗ ಬಾಗಲಕೋಟೆಯಿಂದ ಕುಡಚಿಗೆ ರೈಲಲ್ಲೇ ಹೋಗಬೇಕೆಂದರೆ ಗದಗ, ಹುಬ್ಬಳ್ಳಿ, ಲೋಂಡಾ, ಬೆಳಗಾವಿ ಸುತ್ತಿ ಮುನ್ನೂರೈವತ್ತು ಕಿ.ಮೀ.ಗೂ ಜಾಸ್ತಿ ಆಗುತ್ತದೆ. ಕಬ್ಬು, ಸಕ್ಕರೆ, ಸಿಮೆಂಟು ಎಲ್ಲ ಇರುವ ಸೀಮೆ ಇದು. ಬೆಳಗಾವಿಯಿಂದ ಕಿತ್ತೂರು ಮೇಲೆ ಧಾರವಾಡಕ್ಕೆ 73 ಕಿ.ಮೀ. ದಾರಿ ಇನ್ನೊಂದು. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಅದು ನಮಗೆಲ್ಲ ಹತ್ತಿರ ಬಂದಂತೆ ಕಂಡಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ಅವರು ಹೋದರು. ಎರಡು ದಾರಿಯೂ ಆಗಲಿ, ಬೇಗ ಆಗಲಿ. ಹೋರಾಟ ಮಾಡುವವರ ಜೊತೆ ನಾನೂ ಕೂತಿದ್ದೇನೆ.

ಆದರೆ ಹೊಸ ಹಳಿಗೆ ಜಮೀನು ಬೇಕು, ಸಾವಿರಾರು ಕೋಟಿ ಬೇಕು, ಕೋರ್ಟು ಕಚೇರಿ ಮುಗಿಯಬೇಕು. ನಾನು ಕೇಳುವುದಕ್ಕೆ ಅದ್ಯಾವುದೂ ಬೇಡ. ಗಾಡಿ ಬರುವ ಹೊತ್ತಿಗೆ ಸ್ಟೇಷನ್ ಎದುರು ಒಂದು ಬಸ್ಸು ನಿಂತಿರಬೇಕು. ಗಾಡಿ ತಡ ಆದರೆ ಬಸ್ಸೂ ಹದಿನೈದು ನಿಮಿಷ ಕಾಯಬೇಕು. ಬೆಳಿಗ್ಗೆ ಊರಿಂದ ಹೊರಡುವ ಬಸ್ಸು ಗಾಡಿಗೆ ಮುಂಚೆ ಬಂದು ಮುಟ್ಟಬೇಕು. ಇಷ್ಟೇ.

ಸ್ಟೇಷನ್‌ಗಳಿಗೇನೂ ಕೊರತೆ ಇಲ್ಲ ನೋಡಿ. ಅಮೃತ ಭಾರತ ಯೋಜನೆಯಲ್ಲಿ ಹೊಸದಾದ ಬಾಗಲಕೋಟೆ ಮತ್ತು ಗೋಕಾಕ್ ರೋಡ್ ನಿಲ್ದಾಣಗಳು 2025ರ ಮೇ 22ರಂದು ಉದ್ಘಾಟನೆ ಆದವು. ಚೆನ್ನಾಗಿವೆ, ಸುಳ್ಳು ಹೇಳಬಾರದು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಶುರುವಾಯಿತು. ಅದೂ ಒಳ್ಳೆಯದೇ. ಬೆಳಗಿನ ಜಾವ ಬೆಳಗಾವಿ ಬಿಡುತ್ತದೆ, ರಾತ್ರಿ ಹೊತ್ತಾಗಿ ವಾಪಸ್ ಬರುತ್ತದೆ. ರಾಮದುರ್ಗದವನೋ ಅಥಣಿಯವನೋ ಅದನ್ನು ಹತ್ತಬೇಕೆಂದರೆ ಹಿಂದಿನ ರಾತ್ರಿಯೇ ಬೆಳಗಾವಿಗೆ ಹೋಗಿ ಲಾಡ್ಜ್ ಮಾಡಬೇಕು. ವೇಗದ ಗಾಡಿಯಲ್ಲಿ ಉಳಿಸಿದ ಹೊತ್ತನ್ನು ಲಾಡ್ಜಿನಲ್ಲಿ ಕಳೆದಂತಾಯಿತು, ಅಲ್ವಾ?

ಬಸ್ಸು ಪುಕ್ಕಟೆ ಇರುವಾಗ ಹೆಣ್ಣುಮಕ್ಕಳು ರೈಲು ಯಾಕೆ ಹತ್ತುತ್ತಾರೆ ಅಂತ ಕೆಲವರು ಕೇಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನೂ ಮನೆಯಲ್ಲಿ ಇದನ್ನೇ ಕೇಳಿದ್ದೆ. ನನ್ನ ಹೆಂಡತಿ ಉತ್ತರ ಕೊಟ್ಟಳು. ವಿಜಯಪುರದ ದವಾಖಾನೆಗೆ ಹೋಗುವಾಗ ಅವಳು ಗಾಡಿಯನ್ನೇ ಕೇಳುತ್ತಾಳೆ. ಕಾರಣ, ಗಾಡಿಯಲ್ಲಿ ಶೌಚಾಲಯ ಇದೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಬಸುರಿಯರು ಬಸ್ಸಿನಲ್ಲಿ ಎರಡು ಮೂರು ತಾಸು ಕೂರಲು ಹೆದರುತ್ತಾರೆ. ಹೊರಡುವ ಮೊದಲು ನೀರೇ ಕುಡಿಯುವುದಿಲ್ಲ. ಇದು ಯಾವ ಸರ್ವೆಯಲ್ಲೂ ಬರುವ ವಿಷಯವಲ್ಲ ಅನಿಸುತ್ತದೆ. ಸ್ಟೇಷನ್‌ವರೆಗಿನ ಬಸ್ಸು ಅವಳಿಗೆ ಪುಕ್ಕಟೆ. ಆಮೇಲೆ ಪ್ಯಾಸೆಂಜರ್ ಟಿಕೆಟ್ಟು. ಕೋವಿಡ್ ನಂತರ ಇದೇ ಗಾಡಿಗಳಿಗೆ ‘ಸ್ಪೆಷಲ್’ ಅಂತ ಹೆಸರಿಟ್ಟು ಕನಿಷ್ಠ ದರವನ್ನು 10ರಿಂದ 30 ರೂಪಾಯಿ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಈಗ ದುಡ್ಡಿನ ಅಡ್ಡಿ ಇಲ್ಲ. ಅಡ್ಡಿ ಇರುವುದು ಸ್ಟೇಷನ್‌ನಿಂದ ಮನೆಗೆ ಬರುವ ಆ ಕೊನೆಯ ಕೆಲವು ಕಿ.ಮೀ.ಗಳಲ್ಲಿ.

ಇದನ್ನು ಸರಿ ಮಾಡಬೇಕಾದವರು ಯಾರು? ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿದೆ. ಬೆಳಗಾವಿ, ಬಾಗಲಕೋಟೆಗೆ ಬಸ್ಸು ಬಿಡುವ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಅದೇ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಅವರೂ ಒಂಥರಾ ರೋಡ್‌ನವರೇ. ಒಂದು ಕಪ್ ಚಹಾ ಆರುವುದರೊಳಗೆ ಒಬ್ಬರಿಂದ ಒಬ್ಬರ ಹತ್ತಿರ ಹೋಗಬಹುದು. ವಿಜಯಪುರ ಜಿಲ್ಲೆಯದು ಸ್ವಲ್ಪ ತೊಡಕು. ಅಲ್ಲಿನ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು, ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿ. ಹಾಗಾಗಿ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಒಂದು ದಿನ ಇವರನ್ನೆಲ್ಲ ಕೂರಿಸಿ, ರೈಲಿನ ವೇಳಾಪಟ್ಟಿ ಮತ್ತು ಬಸ್ಸಿನ ವೇಳಾಪಟ್ಟಿ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಸಾಕು. ರೈಲಿನ ವೇಳೆ ಬದಲಾದಾಗ ಡಿಪೋಗೆ ಒಂದು ಪತ್ರ ಹೋಗಬೇಕು. ಈಗ ಗಾಡಿ ಎಲ್ಲಿದೆ ಅಂತ ನನ್ನಂಥವನ ಮೊಬೈಲಿನಲ್ಲೇ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲವೇ?

ಸಾರಿಗೆಯವರಿಗೆ ಇದು ಬಾರದ ವಿದ್ಯೆಯೂ ಅಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಜನ ನೋಡಿಕೊಂಡು ಬಸ್ಸು ಬಿಡುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೂ ಬಿಡುತ್ತಾರೆ. ಜಾತ್ರೆಗೆ ಮಾಡುವುದನ್ನು ದಿನಾಲೂ ಸಣ್ಣದಾಗಿ ಮಾಡಿ ಅಂತ ನಾನು ಕೇಳುತ್ತಿದ್ದೇನೆ. ಬಸ್ಸು ಖಾಲಿ ಓಡುತ್ತದೆ ಅಂತ ಡಿಪೋದವರು ಹೇಳಬಹುದು. ಮೊದಲ ತಿಂಗಳು ಓಡಲೂಬಹುದು. ಇವತ್ತು ಇದ್ದು ನಾಳೆ ಇಲ್ಲದ ಬಸ್ಸನ್ನು ಜನ ನಂಬುವುದಿಲ್ಲ. ಆರು ತಿಂಗಳು ತಪ್ಪದೆ ಓಡಿಸಿ, ಆಮೇಲೆ ಲೆಕ್ಕ ಹಾಕಲಿ.

ಮುದ್ದೇಬಿಹಾಳ, ತಾಳಿಕೋಟೆ, ಸಿಂದಗಿ, ಅಥಣಿ, ಸವದತ್ತಿಯವರಿಗೆ ಊರಾಚೆಯ ಸ್ಟೇಷನ್ನೂ ಇಲ್ಲ. ಅಲ್ಲಿಗೆ ಹಳಿ ಬರುವತನಕ ಹತ್ತಿರದ ಸ್ಟೇಷನ್‌ಗೆ ಗಾಡಿಯ ಹೊತ್ತಿಗೆ ಮುಟ್ಟಿಸುವ ಬಸ್ಸೇ ಅವರ ರೈಲು. ರೈಲ್ವೆಯವರಿಗೂ ಒಂದು ಮಾತು. ಕೂಡಗಿಯ ಕರೆಂಟಿನ ಕಾರ್ಖಾನೆಗೆ ಕಲ್ಲಿದ್ದಲು ಬೇಕು, ಗೂಡ್ಸ್ ಓಡಲೇಬೇಕು, ಅದು ನಮಗೂ ಗೊತ್ತು. ಆದರೆ ಸಂಜೆಯ ಒಂದು ಪ್ಯಾಸೆಂಜರ್ ಗಾಡಿಯನ್ನಾದರೂ ನಿಲ್ಲಿಸದೆ ಬಿಡಿ. ಆ ಒಂದು ಗಾಡಿಯ ಹಿಂದೆ ಹತ್ತಾರು ಹಳ್ಳಿಯ ವಸ್ತಿ ಬಸ್ಸುಗಳಿವೆ.

ನಮ್ಮ ಊರಿನ ವಸ್ತಿ ಬಸ್ಸಿನ ಡ್ರೈವರ್ ಹತ್ತಿರ ಮೊನ್ನೆ ಈ ಮಾತು ತೆಗೆದೆ. ಒಳ್ಳೆಯ ಮನುಷ್ಯ, ಚಹಾ ಕುಡಿಯುತ್ತಾ ಪೂರ್ತಿ ಕೇಳಿದರು. ‘ನಂದೇನ್ರೀ ಮಾಲಕರ, ಕಂಟ್ರೋಲರ್ ಸಾಹೇಬ್ರು ಬರದ್ ಕೊಟ್ರ ನಾ ನಿಲ್ಲಸ್ತೀನಿ’ ಅಂದರು. ಕಂಟ್ರೋಲರನ್ನು ಕೇಳಿದರೆ ಮೇಲಿನವರು ಬರೆದುಕೊಡಬೇಕಂತೆ. ಮೇಲಿನವರ ವಿಳಾಸ ನನಗೆ ಗೊತ್ತಿಲ್ಲ. ಅವರು ಬೆಳಿಗ್ಗೆ ನಿಮ್ಮ ಪೇಪರ್ ಓದುತ್ತಾರೆ ಅಂತ ಯಾರೋ ಹೇಳಿದರು, ಅದಕ್ಕೇ ನಿಮಗೆ ಬರೆದಿದ್ದೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಖಣದ ವ್ಯಾಪಾರಿ
ಬಾಗಲಕೋಟೆ ಜಿಲ್ಲೆ